ರಾಮನ್ ಬೆಳಕಿಗೊಂದು ಗಾಜಿನ ಎಳೆ

1928ರ ಮಾರ್ಚ್ 16ರಂದು ಸಿ. ವಿ. ರಾಮನ್ ಬೆಂಗಳೂರಿನ ಸಭೆಯಲ್ಲಿ ವಿವರಿಸಿದ ‘ಹೊಸ ವಿಕಿರಣ’ ತೀರಾ ಕ್ಷೀಣವಾದದ್ದು. ಆದರೆ ಕೂದಲಿಗಿಂತ ತೆಳುವಾದ ಆಪ್ಟಿಕಲ್ ಫೈಬರ್ ತಿರುಳಿನೊಳಗೆ ನೂರಾರು ವ್ಯಾಟ್ ಲೇಸರ್ ಹಾಯಿಸಿದರೆ ಅದೇ ರಾಮನ್ ಪರಿಣಾಮ ಪ್ರಬಲವಾಗಿ, ಬೆಳಕಿನ ಬಹುಪಾಲು ತರಂಗಾಂತರವನ್ನೇ ಬದಲಿಸಿಕೊಳ್ಳುತ್ತದೆ. ಲೇಸರ್ ಕಟ್ಟುವವರಿಗೆ ಇದು ಸಾಮಾನ್ಯವಾಗಿ ಕಾಟ. ರಾಮನ್ ಫೈಬರ್ ಲೇಸರ್‌ನಲ್ಲಿ ಮಾತ್ರ ಅದನ್ನೇ ದುಡಿಸಿಕೊಳ್ಳಲಾಗಿದೆ.

ಯಟರ್ಬಿಯಂ ಬೆರೆಸಿದ ಫೈಬರ್‌ನಿಂದ ಹೊರಟ ಸುಮಾರು 1.1 ಮೈಕ್ರಾನ್ ತರಂಗಾಂತರದ ಬೆಳಕು ಹಂತಹಂತವಾಗಿ 1.5 ಮೈಕ್ರಾನ್ ಸಮೀಪಕ್ಕೆ ಏರುತ್ತದೆ. ಅಲ್ಲಿಗೇ ನಿಲ್ಲಿಸುವುದು ಕಷ್ಟದ ಕೆಲಸ. ಅದಕ್ಕೆಂದೇ ರೂಪಿಸಿದ ರಾಮನ್ ಫಿಲ್ಟರ್ ಫೈಬರ್‌ನಲ್ಲಿ ಮುಂದಿನ ಹಂತದ ತರಂಗಗಳು ತಿರುಳಿನಿಂದ ಸೋರಿಹೋಗುತ್ತವೆ.

ಈ ವಿಧಾನದಿಂದ 2013ರಲ್ಲಿ 300 ವ್ಯಾಟ್ ಮಟ್ಟ ಮುಟ್ಟಿದ ತಂಡದಲ್ಲಿದ್ದ ವಿ. ಆರ್. ಸುಪ್ರದೀಪ, ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಸಂಶೋಧನೆ ಮುಂದುವರಿಸಿದರು.