ಆಲಮಟ್ಟಿ: ಗಾರ್ಡನ್‌ನಲ್ಲಿರೋ ಊರು, ನೀರಿನಲ್ಲಿರೋ ಊರು

1/9
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಸಾಲಿ ಕಲಿತವರಿಗೆ ಒಂದು ಪ್ರಶ್ನೆ. ನಿಮ್ಮ ಮೊದಲನೇ ಸಾಲಿ ಟ್ರಿಪ್ ಎಲ್ಲಿಗೆ ಹೋಗಿತ್ತು? ಅರ್ಧ ಮಂದಿ "ಗೋಳಗುಮ್ಮಟ" ಅಂತೀರಿ. ಉಳಿದ ಅರ್ಧ ಮಂದಿ "ಆಲಮಟ್ಟಿ" ಅಂತೀರಿ, ನನಗ ಗೊತ್ತು.
ವಂಡರ್‌ಲಾ ಇರೋದು ಬೆಂಗಳೂರಿನಲ್ಲಿ. ನಮ್ಮ ಕಡೆ ಹುಡುಗರಿಗೆ ಪಾರ್ಕ್ ಅಂದ್ರೆ ಆಲಮಟ್ಟಿ ಗಾರ್ಡನ್. ಬುತ್ತಿ ಕಟ್ಟಿಕೊಂಡು ಹೋಗೋದು, ಇಡೀ ದಿನ ಓಡಾಡೋದು, ಸಂಜೆ ಕಾರಂಜಿ ನೋಡಿ ಬಸ್ಸಿನಲ್ಲಿ ಮಲಗಿಕೊಂಡು ವಾಪಸ್ ಬರೋದು. ನಾನೂ ಹತ್ತು ಸಲ ಹೋಗಿದ್ದೇನೆ. ಆದರೆ ಅದು ಅಲ್ಲಿಗೆ ಹೇಗೆ ಬಂತು ಅಂತ ಒಮ್ಮೆಯೂ ಕೇಳಿರಲಿಲ್ಲ. ಹೋದ ದೀಪಾವಳಿ ರಜೆಗೆ ಅಜ್ಜಿಯನ್ನು ಕರ್ಕೊಂಡು ಹೋದ ಮೇಲೆ ಕೇಳಬೇಕಾಯಿತು. ಈ ಸರಣಿ ಅದಕ್ಕೇ. ಸ್ವೈಪ್ ಮಾಡ್ರಿ.

2/9
ಮೊದಲು ನೋಡೋ ಜಾಗಗಳು. ಹೊಸದಾಗಿ ಹೋಗೋರು ಇದನ್ನ ಸೇವ್ ಮಾಡಿಕೊಳ್ರಿ.
ಎಲ್ಲರೂ ಮೊದಲು ಓಡೋದು ರಾಕ್ ಗಾರ್ಡನ್‌ಗೆ. ಕಲ್ಲಿನ ಗುಡ್ಡವನ್ನೇ ಬಳಸಿಕೊಂಡು ಮಾಡಿದ ಉದ್ಯಾನ ಇದು. ಪ್ರಾಣಿ, ಪಕ್ಷಿ, ಮೀನು, ಕೀಟ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಭಾಗ ಮಾಡಿ ಗೊಂಬೆಗಳನ್ನು ನಿಲ್ಲಿಸಿದ್ದಾರೆ. ಒಂದು ಕಡೆ ಪೂರ್ತಿ ಒಂದು ಹಳ್ಳಿಯನ್ನೇ ಮಾಡಿದ್ದಾರೆ, ಮನೆಗಳು ಮತ್ತು ತಮ್ಮ ತಮ್ಮ ಕೆಲಸದಲ್ಲಿರೋ ಮಂದಿ ಸಮೇತ. ಈ ಹಳ್ಳಿಯನ್ನ ನೆನಪಿಟ್ಟುಕೊಳ್ರಿ, ಕೊನೆಗೆ ಮತ್ತೆ ಇಲ್ಲಿಗೇ ಬರ್ತೀವಿ. ಗುಡ್ಡದ ಇನ್ನೊಂದು ಬದಿಗೆ ಬೋಟಿಂಗ್. ಆಮೇಲೆ ಕೃಷ್ಣನ ಉದ್ಯಾನ, ಲವ-ಕುಶ ಉದ್ಯಾನ, ಮೊಘಲ್ ಗಾರ್ಡನ್. ಕತ್ತಲಾದ ಮೇಲೆ ಸಂಗೀತ ಕಾರಂಜಿ.
ರಾಕ್ ಗಾರ್ಡನ್ ಅನ್ನೋ ಹೆಸರು ನಮ್ಮ ದೇಶದಲ್ಲಿ ಮನೆಮಾತಾಗಿದ್ದು ಚಂಡೀಗಢದಿಂದ. ನೇಕ್ ಚಂದ್ ಅನ್ನೋರು ಒಡೆದ ಬಳೆ, ಹೆಂಚು, ಬೇಡದ ಸಾಮಾನುಗಳಿಂದ ಮಾಡಿದ ಅಲ್ಲಿನ ತೋಟ 1976ರಲ್ಲಿ ಜನರಿಗೆ ತೆರೆಯಿತು. ಇನ್ನು ಅಣೆಕಟ್ಟಿನ ಪಕ್ಕ ತೋಟ ಮಾಡೋ ಪದ್ಧತಿ ಕರ್ನಾಟಕಕ್ಕೆ ಹಳೇದು. ಕೆಆರ್‌ಎಸ್ ಪಕ್ಕದ ಬೃಂದಾವನ, ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರ ಕಾಲದ್ದು.

3/9
ಡ್ಯಾಮ್‌ಗಿಂತ ಮುಂಚಿನ ಆಲಮಟ್ಟಿ.
ಆಗ ಈ ಊರಿನ ಹೆಸರು ನಾಡಿಗೆ ಗೊತ್ತಿದ್ದದ್ದು ಒಬ್ಬ ಮನುಷ್ಯನಿಂದ, ಹರ್ಡೇಕರ ಮಂಜಪ್ಪ. ಹುಟ್ಟಿದ್ದು 1886ರಲ್ಲಿ, ಬನವಾಸಿಯಲ್ಲಿ. ಜನ ಅವರನ್ನು ಕರ್ನಾಟಕದ ಗಾಂಧಿ ಅಂತಿದ್ರು. ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸೋದಕ್ಕೆ ದಾವಣಗೆರೆಯಲ್ಲಿ ಮೊದಲು ಮಾಡಿದವರಲ್ಲಿ ಅವರೂ ಒಬ್ಬರು. ಮುಂದೆ ಬಂದು ನೆಲೆಸಿದ್ದು ಕೃಷ್ಣಾ ದಂಡೆಯ ಈ ಆಲಮಟ್ಟಿಯಲ್ಲಿ. ಇಲ್ಲೇ ವಿದ್ಯಾಲಯ ಕಟ್ಟಿದರು, ಪುಸ್ತಕ ಬರೆದರು. 1947ರಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮುಂಚೆ ತೀರಿಕೊಂಡರು.
ಟ್ರಿಪ್ ಹೋದಾಗ ಗಾರ್ಡನ್‌ಗೆ ಮೂರು ತಾಸು ಕೊಡ್ತೀವಿ. ಮಂಜಪ್ಪನವರ ಸ್ಮಾರಕಕ್ಕೂ ಹತ್ತು ನಿಮಿಷ ಕೊಡೋಣ್ರಿ.

4/9
ಹಾಗಾದ್ರೆ ಡ್ಯಾಮ್ ಯಾಕೆ ಬೇಕಿತ್ತು?
ನಮ್ಮ ಅಖಂಡ ಜಿಲ್ಲೆಗೆ ಐದು ನದಿಗಳ ಬೀಡು ಅಂತ ಹೆಸರು. ಕೃಷ್ಣಾ, ಭೀಮಾ, ಡೋಣಿ, ಘಟಪ್ರಭಾ, ಮಲಪ್ರಭಾ. ಹೆಸರು ಐದಿದ್ದರೂ ಹೊಲ ಮಾತ್ರ ಮಳೆಯನ್ನೇ ನಂಬಿಕೊಂಡಿತ್ತು. ಹೊಳೆ ತಗ್ಗಿನಲ್ಲಿ, ಹೊಲ ಎತ್ತರದಲ್ಲಿ. ಮಳೆ ಕೈಕೊಟ್ಟರೆ ಬರ. ಎಪ್ಪತ್ತೆರಡರ ಬರ ಅಂದ್ರೆ ಇವತ್ತಿಗೂ ಮನೆಯ ಹಿರಿಯರು ಒಂದು ಕ್ಷಣ ಸುಮ್ಮನಾಗ್ತಾರೆ. ಕೇಳಿ ನೋಡ್ರಿ.
1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಇಲ್ಲಿ ಅಡಿಗಲ್ಲು ಇಟ್ಟರು. ಆಗ ಅವರು ಕೇಂದ್ರ ಮಂತ್ರಿ. ಐದೇ ದಿನಕ್ಕೆ ನೆಹರೂ ತೀರಿಕೊಂಡರು. ಜೂನ್ 9ಕ್ಕೆ ಶಾಸ್ತ್ರೀಜಿ ಪ್ರಧಾನಿಯಾದರು. ಇವತ್ತು ಈ ಜಲಾಶಯದ ಹೆಸರು ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ. ಅವರು 1966ರ ಜನವರಿಯಲ್ಲೇ ಹೋಗಿಬಿಟ್ಟರು. ಅಣೆಕಟ್ಟು ಮುಗಿದದ್ದು 2005ರಲ್ಲಿ. ಅಡಿಗಲ್ಲಿನಿಂದ ಮುಗಿಯೋವರೆಗೆ 41 ವರ್ಷ!

5/9
41 ವರ್ಷ ಯಾಕೆ ಹಿಡೀತು?
ದುಡ್ಡು ಒಂದು ಕಾರಣ. ಇನ್ನೊಂದು ನೀರಿನ ಜಗಳ. ಕೃಷ್ಣಾ ಹುಟ್ಟೋದು ಮಹಾರಾಷ್ಟ್ರದಲ್ಲಿ, ಸಮುದ್ರ ಸೇರೋದು ಆಂಧ್ರದಲ್ಲಿ, ನಾವು ನಡುವೆ. 1969ರಲ್ಲಿ ಬಚಾವತ್ ನ್ಯಾಯಮಂಡಳಿ ರಚನೆಯಾಯಿತು. ಅದು ಕರ್ನಾಟಕಕ್ಕೆ 700 ಟಿಎಂಸಿ ಹಂಚಿತು. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಹೆಚ್ಚುಕಡಿಮೆ 2,831 ಕೋಟಿ ಲೀಟರ್.
ಯೋಜನೆಯ ಕೆಲಸಕ್ಕೆ ದುಡ್ಡು ಹೊಂದಿಸಿ ವೇಗ ಕೊಡಲು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಆಲಮಟ್ಟಿಯ ಎತ್ತರದ ಜಗಳ ಸುಪ್ರೀಂ ಕೋರ್ಟ್‌ಗೆ ಹೋಯಿತು. 2000ದ ಏಪ್ರಿಲ್‌ನಲ್ಲಿ ಕೋರ್ಟ್ 519.6 ಮೀಟರ್‌ವರೆಗೆ ಒಪ್ಪಿತು. ಅಣೆಕಟ್ಟು ಮುಗಿದ ಮರುವರ್ಷ, 2006ರ ಆಗಸ್ಟ್ 21ರಂದು, ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಲೋಕಾರ್ಪಣೆ ಮಾಡಿದರು. 26 ಗೇಟು, 123 ಟಿಎಂಸಿ ನೀರು. ಮಳೆಗಾಲದಲ್ಲಿ ಗೇಟ್ ತೆಗೆದಾಗ ಅಷ್ಟು ದೂರ ನಿಂತರೂ ಮುಖಕ್ಕೆ ಸಿಡಿಯೋ ಹನಿ, ಅದರ ರೀಲ್ಸ್ ಎಲ್ಲರ ಫೋನಲ್ಲೂ ಇದಾವೆ.

6/9
ಈ ನೀರು ಎಲ್ಲಿಗೆ ಹೋಗ್ತದ?
ಬಾಳ ಮಂದಿಗೆ ಗೊತ್ತಿಲ್ಲದ ಭಾಗ ಇದು. ಆಲಮಟ್ಟಿ ಮುಖ್ಯವಾಗಿ ನೀರು ಕೂಡಿಸಿಡೋ ಡ್ಯಾಮ್. ಇಲ್ಲಿಂದ ಬಿಟ್ಟ ನೀರು ವಿದ್ಯುತ್ ಘಟಕದ ಆರು ಟರ್ಬೈನ್ ತಿರುಗಿಸ್ತದ, ಒಟ್ಟು ಸಾಮರ್ಥ್ಯ 290 ಮೆಗಾವ್ಯಾಟ್. ಆಮೇಲೆ ಕೆಳಗೆ ನಾರಾಯಣಪುರದ ಬಸವಸಾಗರಕ್ಕೆ ಸೇರ್ತದ. ಅಲ್ಲಿನ ಎಡದಂಡೆ ಕಾಲುವೆಯಿಂದ ಒಂದು ಶಾಖೆ ಸಿಂದಗಿ ಹೊಲಗಳನ್ನು ದಾಟಿ ಇಂಡಿ ಕಡೆ ಹೋಗ್ತದ. ಅದರ ಹೆಸರೇ ಇಂಡಿ ಶಾಖಾ ಕಾಲುವೆ.
ಇಂಡಿ ನಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ನಾವೆಲ್ಲ ಸ್ಟೇಟಸ್ ಇಟ್ಟಿದ್ವಿ, ನೆನಪೈತಾ? ನಿಂಬೆ ಗಿಡ ಬ್ಯಾಸಗಿ ದಾಟಬೇಕಂದ್ರೆ ನೀರು ಬೇಕು. ಕಾಲುವೆ ಕೊನೆಯಲ್ಲಿರೋ ರೈತರು ನೀರು ಮುಟ್ಟಲಿಲ್ಲ ಅಂತ ರಸ್ತೆಗೆ ಇಳಿಯೋದೂ ಅದಕ್ಕೇ. ಯೋಜನೆಯ ಮೊದಲ ಎರಡು ಹಂತಗಳ ಗುರಿ 6.22 ಲಕ್ಷ ಹೆಕ್ಟೇರ್ ನೀರಾವರಿ. ನಮ್ಮ ಹಾಸ್ಟೆಲ್ ಫೀಸು, ನಮ್ಮ ಬೈಕು, ನಮ್ಮ ಫೋನು, ಇದರಲ್ಲಿ ಎಷ್ಟೋ ಈ ನೀರಿನಿಂದಲೇ ಬಂದದ್ದು. ಡ್ಯಾಮ್ ಬೇಡಿತ್ತು ಅಂತ ನಾನು ಯಾವತ್ತೂ ಹೇಳೋದಿಲ್ಲ.

7/9
ಈಗ ಇನ್ನೊಂದು ಬದಿ.
123 ಟಿಎಂಸಿ ನಿಲ್ಲಬೇಕಂದ್ರೆ ಜಾಗ ಬೇಕು. ಆ ಜಾಗದಲ್ಲಿ ಊರುಗಳಿದ್ದವು. ಬಾಗಲಕೋಟೆಯ ಹಳೇ ಪಟ್ಟಣದ ಭಾಗವೇ ನೀರಿಗೆ ಹೋಯಿತು, ಆಚೆಗೆ ನವನಗರ ಎದ್ದಿತು. ಪೇಪರ್‌ನವರು ಇವತ್ತಿಗೂ ಅದನ್ನು "ಮುಳುಗಡೆ ನಗರಿ" ಅಂತ ಬರೀತಾರೆ. ನಮ್ಮ ದಂಡೆಯಲ್ಲಿ ಹಳೇ ಕೊಲ್ಹಾರ ಹೋಯಿತು. ಗಡಿಗಿ ಮೊಸರಿಗೆ ಹೆಸರಾದ ಅದೇ ಕೊಲ್ಹಾರ. ವಿಜಯಪುರದಿಂದ ಹುಬ್ಬಳ್ಳಿಗೆ ಹೋಗುವಾಗ ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಎಲ್ಲರೂ ಕಿಟಕಿಗೆ ಫೋನ್ ಹಿಡೀತೀವಲ್ಲ, ಆ ಹಿನ್ನೀರಿನ ಕೆಳಗೆ ಮಂದಿಯ ಹೊಲ, ಓಣಿ, ಗುಡಿ ಇದ್ದವು.
ನಾರಾಯಣಪುರದ ಹಿನ್ನೀರು ಕೂಡಲಸಂಗಮಕ್ಕೂ ಬಂತು. ಅಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂಥ ಗೋಡೆ ಕಟ್ಟಿ ಉಳಿಸಿಕೊಂಡರು. ಮೆಟ್ಟಿಲು ಇಳಿದು ನೋಡಿದವರಿಗೆ ಗೊತ್ತು. ಎಲ್ಲರ ಮನೆ ಸುತ್ತಲೂ ಹಾಗೆ ಗೋಡೆ ಕಟ್ಟೋಕಾಗಲ್ಲ. ಮಂದಿ ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋದರು.

8/9
ನಮ್ಮ ಅಜ್ಜಿಯ ತವರು ಹಳೇ ಕೊಲ್ಹಾರ. ಊರು ಬಿಡೋವಾಗ ಅವರ ಅಣ್ಣಂದಿರು ಮನೆಯ ತೊಲೆ, ಜಂತಿ, ಬಾಗಿಲ ಚೌಕಟ್ಟು ಎಲ್ಲ ಕಿತ್ತು ಚಕ್ಕಡಿಯಲ್ಲಿ ಹೇರಿಕೊಂಡು ಬಂದರಂತೆ. ಹೊಸ ಮನೆಗೆ ಆ ಚೌಕಟ್ಟು ಹೊಂದಲಿಲ್ಲ, ದೊಡ್ಡದಾಯಿತು. ಈಗ ದನದ ಕೊಟ್ಟಿಗೆಗೆ ಹಚ್ಚಿದ್ದಾರೆ. ಸಣ್ಣವನಿದ್ದಾಗ ಕೊಟ್ಟಿಗೆಗೆ ಯಾಕೆ ಇಷ್ಟು ಚಂದನ ಬಾಗಿಲು ಅಂತ ಅನ್ಕೋತಿದ್ದೆ, ಕೇಳಿರಲಿಲ್ಲ.
ದೀಪಾವಳಿಯಲ್ಲಿ ರಾಕ್ ಗಾರ್ಡನ್‌ಗೆ ಹೋದಾಗ ಅಜ್ಜಿ ಪ್ರಾಣಿಗಳನ್ನೆಲ್ಲ ನೋಡಿ ನಕ್ಕಳು. ಆ ಹಳ್ಳಿಯ ಮುಂದೆ ಬಂದಾಗ ನಿಂತುಬಿಟ್ಟಳು. ನಾನು ಫೋಟೊ ತೆಗೀಬೇಕಂತ "ಅಜ್ಜಿ, ಇತ್ತ ನೋಡು" ಅಂದೆ. ಅಕಿ ನನ್ನ ಕಡೆ ನೋಡಲಿಲ್ಲ.
"ಮನಿ ಚಲೋ ಮಾಡ್ಯಾರ," ಅಂದಳು. "ನಮ್ಮನಿ ಹೊಸ್ತಲಾ ಇದಕ್ಕಿಂತ ದೊಡ್ಡದಿತ್ತು ನೋಡು."
ಅಷ್ಟೇ ಅಂದದ್ದು. ಆಮೇಲೆ ಕಾರಂಜಿ ನೋಡೂಣು ನಡಿ ಅಂದಳು. ಕಾರಂಜಿ ಮುಂದೆ ಪೂರ್ತಿ ಹೊತ್ತು ಕೂತಳು, ಖುಷಿಯಿಂದಲೇ. ಆ ದಿನದ ಫೋಟೊದಲ್ಲಿ ಅಜ್ಜಿಯ ಬೆನ್ನು ಮಾತ್ರ ಇದೆ. ಈ ಪೋಸ್ಟಿನ ಮೊದಲ ಚಿತ್ರ ಅದೇ.

9/9
ಇದು ಮುಗಿದ ಕಥೆ ಅಲ್ರಿ. 2010ರಲ್ಲಿ ಎರಡನೇ ನ್ಯಾಯಮಂಡಳಿ ಆಲಮಟ್ಟಿಯನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿದೆ. ಅಂದ್ರೆ ನೀರು ಇನ್ನೂ ಸುಮಾರು 15 ಅಡಿ ಮೇಲೆ. ಮೂರನೇ ಹಂತಕ್ಕೆ 130 ಟಿಎಂಸಿ ಸಿಗ್ತದ, ನಮ್ಮ ಕಡೆಯ ಎಷ್ಟೋ ಒಣಹೊಲ ಹಸಿರಾಗ್ತಾವ. ಜೊತೆಗೆ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗ್ತದ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಎಕರೆಗೆ ಒಣಭೂಮಿಗೆ 30 ಲಕ್ಷ, ನೀರಾವರಿಗೆ 40 ಲಕ್ಷ ರೂಪಾಯಿ ಅಂತ ನಿರ್ಧರಿಸಿತು. ಆಂಧ್ರ, ತೆಲಂಗಾಣದ ಜೊತೆಗಿನ ತಕರಾರು ಸುಪ್ರೀಂ ಕೋರ್ಟ್‌ನಲ್ಲಿದೆ. ನಮ್ಮ ಕ್ಲಾಸಿನಲ್ಲಿ ಕಾಲುವೆ ನೀರಿಗೆ ಕಾಯೋ ಮನೆಯ ಹುಡುಗರೂ ಇದ್ದಾರೆ, ಊರು ಬಿಡಬೇಕಾಗೋ ಮನೆಯ ಹುಡುಗರೂ ಇದ್ದಾರೆ. ಒಂದೇ ಬೆಂಚಿನ ಮೇಲೆ ಕೂಡ್ತಾರೆ.
ಆಲಮಟ್ಟಿಗೆ ಹೋಗ್ರಿ. ಬೋಟಿಂಗ್ ಮಾಡ್ರಿ, ರೀಲ್ಸ್ ಮಾಡ್ರಿ, ಕಾರಂಜಿ ನೋಡ್ರಿ. ಆ ಹಳ್ಳಿಯ ಮುಂದೆ ಬಂದಾಗ ಎರಡು ನಿಮಿಷ ನಿಲ್ರಿ. ಮನೆಗೆ ಹೋಗಿ ಹಿರಿಯರನ್ನು ಕೇಳ್ರಿ, ನಮ್ಮವರ ಪೈಕಿ ಯಾರದಾದ್ರೂ ಊರು ನೀರಾಗ ಹೋಗೇತೇನು ಅಂತ. ಹೆಸರು ಸಿಕ್ಕರೆ ಬರೆದಿಟ್ಟುಕೊಳ್ರಿ, ಇಲ್ಲೂ ಬರೀರಿ. ಹೇಳೋ ಮಂದಿಗೆ ವಯಸ್ಸಾಗೇತಿ.
ಮೊದಲನೇ ಹೆಸರು ನಾನೇ ಬರೀತೀನಿ: ಹಳೇ ಕೊಲ್ಹಾರ.

#ಆಲಮಟ್ಟಿ #ನಮ್ಮವಿಜಯಪುರ #ಬಸವನಬಾಗೇವಾಡಿ #ಮುದ್ದೇಬಿಹಾಳ #ಸಿಂದಗಿ #ಇಂಡಿ #ಕೃಷ್ಣಾನದಿ #ಮುಳುಗಡೆ