ರಾತ್ರಿಯೂ ಇಳಿಯದ ಸೆಖೆ: ನೀರಾವಿಯ ಪಾತ್ರವೇನು?

ಬಂಟ್ವಾಳ: ಏಪ್ರಿಲ್-ಮೇ ತಿಂಗಳಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದಲ್ಲಿ ಸೂರ್ಯ ಮುಳುಗಿದರೂ ಸೆಖೆ ಇಳಿಯುವುದಿಲ್ಲ. ಕಲಬುರಗಿಯಲ್ಲಿ ಹಗಲು ಸುಡುವ ಬಿಸಿಲಿದ್ದರೂ ರಾತ್ರಿ ತಾಪಮಾನ ಗಣನೀಯವಾಗಿ ಕುಸಿಯುತ್ತದೆ. ಕರಾವಳಿಯಲ್ಲಿ ಈ ಅಂತರ ಕಿರಿದು. ಸಮುದ್ರದ ಸಾಮೀಪ್ಯ ಇದಕ್ಕೊಂದು ಕಾರಣ. ಆ ಸಮುದ್ರದಿಂದಲೇ ಬಂದು ಘಟ್ಟದ ಬುಡದವರೆಗೂ ತುಂಬಿಕೊಳ್ಳುವ ನೀರಾವಿ ಮತ್ತೊಂದು.

ಹಗಲೆಲ್ಲ ಕಾದ ಮುರಕಲ್ಲಿನ ನೆಲ, ಹೆಂಚಿನ ಮಾಡು, ಅಡಿಕೆ ಒಣಗಿಸುವ ಅಂಗಳ ಇವೆಲ್ಲ ತಮ್ಮ ಶಾಖವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಹೊರಸೂಸುತ್ತವೆ. ಒಣಗಾಳಿಯ ಶೇ. 99ರಷ್ಟಿರುವ ಸಾರಜನಕ ಮತ್ತು ಆಮ್ಲಜನಕ ಈ ಕಿರಣಗಳನ್ನು ತಡೆಯುವುದಿಲ್ಲ. ಆದರೆ ನೀರಿನ ಅಣುವಿನ ರಚನೆ ಬಾಗಿದ್ದು, ವಿದ್ಯುದಂಶದ ಹಂಚಿಕೆಯೂ ಸಮವಲ್ಲ. ಹೀಗಾಗಿ ಅದು ಕಿರಣಗಳ ಶಕ್ತಿಯನ್ನು ಹೀರಿ ಕಂಪಿಸುತ್ತದೆ, ಗಿರಗಿರನೆ ತಿರುಗುತ್ತದೆ. 6.3 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ ಹಾಗೂ 20 ಮೈಕ್ರಾನ್‌ನಿಂದಾಚೆಗೆ ಈ ಹೀರಿಕೆ ಪ್ರಬಲ. ಹೀಗೆ ಬೆಚ್ಚಗಾದ ಆವಿ ಶಾಖದ ಒಂದಂಶವನ್ನು ಮರಳಿ ನೆಲಕ್ಕೇ ಕಳುಹಿಸುತ್ತದೆ.

8ರಿಂದ 12 ಮೈಕ್ರಾನ್‌ಗಳ ನಡುವೆ ಮಾತ್ರ ಶಾಖ ಬಾಹ್ಯಾಕಾಶಕ್ಕೆ ಪಾರಾಗಲು ಒಂದು ಕಿಟಕಿಯುಂಟು. ಆವಿ ದಟ್ಟವಾದಾಗ ಆ ಕಿಟಕಿಯೂ ಅರೆ ಮುಚ್ಚುತ್ತದೆ. ಡಿಸೆಂಬರ್-ಜನವರಿಯಲ್ಲಿ ಒಳನಾಡಿನ ಒಣಗಾಳಿ ಬೀಸುವಾಗ ಅದು ತೆರೆದುಕೊಳ್ಳುತ್ತದೆ. ಮುಂಜಾನೆ ಚಳಿ ಹಿಡಿಯುವುದು ಆಗಲೇ. ಬೆವರು ಆರದೆ ಮೈ ಅಂಟಂಟಾಗುವುದು ಬೇರೆಯೇ ವಿಷಯ. ಅದಕ್ಕೂ ತೇವಾಂಶವೇ ಕಾರಣವಾದರೂ ಕಿರಣಗಳ ಹೀರಿಕೆಗೆ ಸಂಬಂಧವಿಲ್ಲ.

ನೀರಾವಿಯ ಈ ಗುಣವನ್ನು ಲಂಡನ್ನಿನಲ್ಲಿ 1859ರಿಂದ ನಡೆಸಿದ ಪ್ರಯೋಗಗಳಲ್ಲಿ ಅಳೆದವರು ಜಾನ್ ಟಿಂಡಲ್. 2013ರಲ್ಲಿ ಉಡಾವಣೆಗೊಂಡ ಇನ್ಸಾಟ್-3ಡಿ ಉಪಗ್ರಹ ಮೋಡವಿಲ್ಲದ ಕಡೆಯೂ ಆವಿಯನ್ನು ಗುರುತಿಸಿದ್ದು ಇದೇ ಗುಣವನ್ನು ಬಳಸಿಕೊಂಡು.

ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ಆವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಆವಿ ಸರಾಸರಿ ಒಂಬತ್ತು-ಹತ್ತು ದಿನಗಳಲ್ಲಿ ಮಳೆಯಾಗಿ ಇಳಿದುಹೋಗುವುದರಿಂದ ಭೂತಾಪ ಏರಿಕೆಗೆ ಅದು ಮೂಲವಲ್ಲ. ಇಂಗಾಲದ ಡೈಆಕ್ಸೈಡ್ ಹಚ್ಚಿದ ತಾಪವನ್ನು ಹಿಗ್ಗಿಸುವುದಷ್ಟೇ ಅದರ ಕೆಲಸ. ಮೊದಲೇ ಆವಿ ತುಂಬಿದ ಕರಾವಳಿಯ ರಾತ್ರಿಗಳಿಗೆ ಇದು ಸಣ್ಣ ಮಾತಲ್ಲ.

ಆದರೆ ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ, ಹಗಲಿನ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟಿದರೆ ಮಾತ್ರ 'ಬೆಚ್ಚನೆಯ ರಾತ್ರಿ'ಯ ಪರಿಗಣನೆ. ತಂಗಾಳಿಯಿಲ್ಲದೆ ನಿದ್ದೆಗೆಟ್ಟು, ಬೆಳಿಗ್ಗೆ ಮತ್ತೆ ತೋಟದ ಕೆಲಸಕ್ಕೆ ಇಳಿಯುವವರ ಊರುಗಳಲ್ಲಿ ಪಾದರಸ ಅಷ್ಟು ಎತ್ತರಕ್ಕೆ ಏರುವುದು ಅಪರೂಪ.