ಬೆಳಕನ್ನು ಬಿಡಿಸುವ ಗೆರೆಗಳು

ಶಿಡ್ಲಘಟ್ಟ ಸೀಮೆಯ ರೇಷ್ಮೆಯನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಗೂಡಿನ ಧಾರಣೆಯಿಂದ ಆರಂಭಿಸುತ್ತಾರೆ. ನಾನು ಬೆಳಕಿನಿಂದ ಆರಂಭಿಸುತ್ತೇನೆ. ಸಾದಲಿಯ ಹಿಪ್ಪುನೇರಳೆ ತೋಟಗಳಿಗೂ ಭೌತವಿಜ್ಞಾನಕ್ಕೂ ಏನು ನಂಟು ಎಂದು ನೀವು ಕೇಳಬಹುದು. ಒತ್ತಾಗಿ ನೇಯ್ದ ತೆಳುವಾದ ರೇಷ್ಮೆ ಬಟ್ಟೆಯನ್ನು ಬಿಗಿಯಾಗಿ ಹಿಡಿದು, ಅದರ ಮೂಲಕ ದೂರದ ದೀಪವೊಂದನ್ನು ನೋಡಿದರೆ ಆ ನಂಟು ಕಣ್ಣಿಗೇ ಕಾಣುತ್ತದೆ.

ಅಮೆರಿಕದ ಫ್ರಾನ್ಸಿಸ್ ಹಾಪ್‌ಕಿನ್ಸನ್ ಎಂಬಾತ ಮನೆಯ ಬಾಗಿಲಲ್ಲಿ ಕುಳಿತು ಮಾಡಿದ್ದು ಇಷ್ಟೇ. ರೇಷ್ಮೆಯ ಕರವಸ್ತ್ರದ ಮೂಲಕ ಬೀದಿದೀಪವನ್ನು ನೋಡಿದಾಗ ಎಳೆಗಳು ದಪ್ಪನೆಯ ಕಪ್ಪು ಪಟ್ಟಿಗಳಂತೆ ಕಂಡುವು. ಬಟ್ಟೆಯನ್ನು ಅತ್ತಿತ್ತ ಸರಿಸಿದರೂ ಪಟ್ಟಿಗಳು ಕದಲಲಿಲ್ಲ. ಆತ ಗೆಳೆಯ ಡೇವಿಡ್ ರಿಟನ್‌ಹೌಸ್‌ನನ್ನು ಕಾರಣ ಕೇಳಿದ. ರಿಟನ್‌ಹೌಸ್ ಕೂದಲೆಳೆಗಳನ್ನು ಸಣ್ಣ ತಿರುಪುಗಳ ಸುತ್ತುಗಳಲ್ಲಿ ಸಮಾಂತರವಾಗಿ ಬಿಗಿದು, ಒಂದು ಬೆಳಕು ಹಲವಾಗುವುದನ್ನೂ ನೀಲಿಗಿಂತ ಕೆಂಪು ಹೆಚ್ಚು ಬಾಗುವುದನ್ನೂ ಕಂಡ, ಅಲ್ಲಿಗೇ ಬಿಟ್ಟ. 1821ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ತಂತಿಗಳಿಂದ ಅಂಥದೇ ಜಾಲಕವನ್ನು ಕಟ್ಟಿ ಬೆಳಕಿನ ಅಲೆಯುದ್ದವನ್ನು ಅಳೆದ. ಮುಂದೆ ರೋಲಂಡ್ ವಜ್ರದ ಮೊನೆಯಿಂದ ಅಂಗುಲಕ್ಕೆ 14,000ಕ್ಕೂ ಮೀರಿ ಗೆರೆ ಕೊರೆಯುವ ಯಂತ್ರವನ್ನು ನಿರ್ಮಿಸಿದ. ಗ್ರೇಟಿಂಗ್ ಎಂದು ನಮ್ಮ ಕಾಲೇಜು ಹುಡುಗರು ಕರೆಯುವುದು ಈ ವಿವರ್ತನ ಜಾಲಕವನ್ನೇ.

ರಾಮನ್ ಎಂದೊಡನೆ ನಮಗೆ ನೆನಪಾಗುವುದು 1928ರ ರಾಮನ್ ಪರಿಣಾಮ. ಅದು ಕಲ್ಕತ್ತೆಯದು. ಬೆಂಗಳೂರಿನದೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದುದು ಬೇರೆಯೇ ಇದೆ. ಅದನ್ನು ನೆನೆಯುವವರು ಕಡಿಮೆ. 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ದ್ರವವೊಂದರಲ್ಲಿ ಶ್ರವಣಾತೀತ ಧ್ವನಿಯನ್ನು ಹಾಯಿಸಿ, ಅಡ್ಡಲಾಗಿ ಬೆಳಕನ್ನು ಬಿಟ್ಟರು. ಧ್ವನಿಯಿಂದ ದ್ರವವು ಸಾಲುಸಾಲಾಗಿ ಸಾಂದ್ರವೂ ವಿರಳವೂ ಆಗಿ ತಾನೇ ಜಾಲಕವಾಯಿತು. ವಜ್ರವಿಲ್ಲ, ಗೆರೆಯಿಲ್ಲ! ಆದರೆ ಒಗಟೊಂದು ಉಳಿಯಿತು. ಧ್ವನಿಯನ್ನು ಏರಿಸಿದಂತೆ ನಡುವಿನ ಬೆಳಕು ಮಂಕಾಗುತ್ತಿತ್ತು, ಮತ್ತೆ ಬೆಳಗುತ್ತಿತ್ತು. ಪಕ್ಕದ ಬಿಂಬಗಳ ಪ್ರಕಾಶವೂ ಹಾಗೆಯೇ ಅಲೆದಾಡುತ್ತಿತ್ತು.

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದ ರಾಮನ್ನರೂ ತರುಣ ಎನ್. ಎಸ್. ನಾಗೇಂದ್ರನಾಥರೂ 1935 ಮತ್ತು 1936ರಲ್ಲಿ, ಇಂಡಿಯನ್ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಿಂದ ಈ ಒಗಟನ್ನು ಬಿಡಿಸಿದರು. ಅವರ ಯೋಚನೆ ಎಷ್ಟು ಸರಳ ನೋಡಿ: ದ್ರವವು ಬೆಳಕನ್ನು ತಡೆಯುವುದಿಲ್ಲ, ಸಾಂದ್ರವಾದ ಕಡೆ ತುಸು ನಿಧಾನಗೊಳಿಸುತ್ತದೆ. ಚಪ್ಪಟೆಯಾಗಿ ಒಳಹೊಕ್ಕ ಅಲೆಯ ಮುಖವು ಚಾವಣಿಯ ತಗಡಿನ ಹಾಗೆ ಏರಿಳಿತದೊಡನೆ ಹೊರಬರುತ್ತದೆ. ಇಷ್ಟರಿಂದಲೇ ಬೆಸೆಲ್ ಫಲನಗಳ ಮೂಲಕ ಪ್ರತಿಯೊಂದು ಬಿಂಬದ ಪ್ರಕಾಶವೂ ಲೆಕ್ಕಕ್ಕೆ ಸಿಕ್ಕಿತು. ಜಗತ್ತು ಇದನ್ನು ರಾಮನ್-ನಾಥ್ ವಿವರ್ತನೆ ಎನ್ನುತ್ತದೆ. ಆ ಎರಡನೆಯ ಹೆಸರು ನಮ್ಮಲ್ಲಿ ಇಷ್ಟು ಅಪರಿಚಿತವಾಗಿರುವುದು ನನಗೆ ನ್ಯಾಯವೆನಿಸುವುದಿಲ್ಲ.

ಧ್ವನಿ ನಿಂತೊಡನೆ ಆ ಜಾಲಕ ಅಳಿಯುತ್ತದೆ. ಅದನ್ನು ಗಾಜಿನಲ್ಲಿ, ಸ್ಫಟಿಕದಲ್ಲಿ ಶಾಶ್ವತವಾಗಿ ನಿಲ್ಲಿಸುವ ಉಪಾಯಗಳಲ್ಲಿ ಅಯಾನುಗಳ ದೂಲವೂ ಒಂದು. ವಿದ್ಯುದಾವೇಶ ಪಡೆದ ಪರಮಾಣುಗಳನ್ನು ವೇಗವಾಗಿ ಓಡಿಸಿ, ಪಟ್ಟಿಪಟ್ಟಿಯಾದ ಮರೆಯ ಮೂಲಕ ಗಾಜಿನ ಮೇಲೆ ಬಿಡುತ್ತಾರೆ. ವೇಗ ಮಿತವಾಗಿದ್ದರೆ ಅವು ಮೇಲ್ಮೈಯನ್ನು ಕೆತ್ತಿ ತೋಡು ಮಾಡುತ್ತವೆ. ಹೆಚ್ಚಾಗಿದ್ದರೆ ಒಳಹೊಕ್ಕು ಪರಮಾಣುಗಳ ಜೋಡಣೆಯನ್ನೇ ಕದಡುತ್ತವೆ: ಸಿಲಿಕ ಗಾಜು ಒತ್ತಾಗಿ ಅದರ ವಕ್ರೀಭವನಾಂಕ ಏರುತ್ತದೆ, ಲಿಥಿಯಂ ನಯೋಬೇಟ್ ಸ್ಫಟಿಕದಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಇಂಥ ತೆಳುವಾದ ಜಾಲಕದಲ್ಲಿ ಬೆಳಕು ಹೇಗೆ ಪಾಲಾಗುವುದೆಂದು ಲೆಕ್ಕಕ್ಕೆ ಕುಳಿತವರು ಇಂದಿಗೂ ಮೊದಲು ಬರೆದುಕೊಳ್ಳುವುದು ಬೆಂಗಳೂರಿನ ಆ ಸೂತ್ರವನ್ನೇ.